ಮೊಬೈಲಿನ ಲೆಕ್ಕ, ಅಡುಗೆಮನೆಯ ಲೆಕ್ಕ



ಕಳೆದ ತಿಂಗಳು ಒಂದು ಸಂಜೆ ಮಕ್ಕಳ ಉತ್ತರ ಪತ್ರಿಕೆಗಳನ್ನು ತಿದ್ದುತ್ತಾ ಜಗಲಿಯಲ್ಲಿ ಕುಳಿತಿದ್ದೆ. ನೆರೆಮನೆಯ ಸೊಸೆ ಎಂಟು ತಿಂಗಳ ಮಗುವನ್ನು ಸೊಂಟದಲ್ಲಿಟ್ಟುಕೊಂಡು ಬಂದಳು. ಹಿಂದೆ ನನ್ನ ಬಳಿ ಕಲಿತವಳು. ಈಗ ಎರಡು ಮಕ್ಕಳ ತಾಯಿ. ಮುಖ ಬಾಡಿತ್ತು, ಕಣ್ಣು ಕೆಂಪಾಗಿತ್ತು. ಮಗುವನ್ನು ನನ್ನ ಮಡಿಲಿಗೆ ಹಾಕಿ ಮೊಬೈಲನ್ನು ನನ್ನ ಮುಂದೆ ಹಿಡಿದಳು.

"ಟೀಚರ್, ನೀವೇ ನೋಡಿ. ನಾನು ಸುಳ್ಳು ಹೇಳುವವಳಾ?"

ವಿಷಯ ಇಷ್ಟೇ. ಎರಡನೆಯ ಹೆರಿಗೆಯ ನಂತರ ಅವಳ ತೂಕ ಹೆಚ್ಚಾಗಿತ್ತು. ಮದುವೆ ಮನೆಗಳಲ್ಲಿ ಒಬ್ಬರಲ್ಲ ಒಬ್ಬರು ಅದನ್ನು ಎತ್ತಿ ಆಡುತ್ತಿದ್ದರು. ಗಂಡನೇ ಅವಳ ಮೊಬೈಲಿಗೆ ಒಂದು ಆ್ಯಪ್ ಹಾಕಿಕೊಟ್ಟ. ತಿಂದದ್ದನ್ನೆಲ್ಲ ಅದರಲ್ಲಿ ಬರೆಯಬೇಕು, ಅದು ಕ್ಯಾಲೊರಿ ಲೆಕ್ಕ ಹಾಕಿ ಹೇಳುತ್ತದೆ. ವಯಸ್ಸು, ಎತ್ತರ, ತೂಕ ಕೇಳಿದ ಆ್ಯಪ್ ದಿನಕ್ಕೆ 1200 ಕ್ಯಾಲೊರಿ ಎಂದು ಗೆರೆ ಎಳೆಯಿತು. ತಿಂಗಳಿಗೆ 4 ಕಿಲೋ ಇಳಿಯುತ್ತದೆ ಎಂದೂ ಹೇಳಿತು. ಅವಳು ಒಂದು ದಿನವೂ ತಪ್ಪದೆ ಬರೆದಳು. ಬೆಳಗಿನ ತಿಂಡಿಯನ್ನೇ ಬಿಟ್ಟಳು. ಮನೆಯವರೆಲ್ಲ ಒಟ್ಟಿಗೆ ಉಣ್ಣುವಾಗ ತಾನು ಮಾತ್ರ ಅಡುಗೆಮನೆಯಲ್ಲಿ ಮೊಬೈಲ್ ಹಿಡಿದು ನಿಂತಳು. ತಿಂಗಳ ಕೊನೆಗೆ ಇಳಿದದ್ದು ಒಂದೂವರೆ ಕಿಲೋ.

"ಆ್ಯಪಿನಲ್ಲಿ 1200 ಅಂತ ಇದೆ. ಹಾಗಾದರೆ ಉಳಿದದ್ದು ಎಲ್ಲಿಂದ ಬಂತು? ನೀನು ಕದ್ದು ತಿನ್ನುತ್ತಿದ್ದೀ" ಎಂದು ಗಂಡ ಹೇಳಿದನಂತೆ. ತಮಾಷೆಗೆ ಹೇಳಿದ್ದೋ ನಿಜವಾಗಿ ಹೇಳಿದ್ದೋ ಗೊತ್ತಿಲ್ಲ. ಆದರೆ ಆ ಮಾತು ಅವಳ ಎದೆಗೆ ನಾಟಿತ್ತು. ತಲೆ ಸುತ್ತುವುದನ್ನೂ ಮರೆಮಾಚಿ ದಿನ ದೂಡಿದವಳಿಗೆ ಕೊನೆಗೆ ಸಿಕ್ಕಿದ್ದು ಕಳ್ಳಿ ಎಂಬ ಹೆಸರು!

ಸಹೋದರಿಯರೇ, ಒಬ್ಬರ ಮಾತು ಸುಳ್ಳು ಎನ್ನುವ ಮೊದಲು ಅವರ ವಿರುದ್ಧ ನಿಂತ ಸಾಕ್ಷಿ ಎಂಥದ್ದೆಂದು ವಿಚಾರಿಸಬೇಕಲ್ಲವೇ? ಇಲ್ಲಿ ಸಾಕ್ಷಿ ಒಂದು ಮೊಬೈಲು. ಅದು ಹೇಳುವ ಸಂಖ್ಯೆ ಎಷ್ಟರ ಮಟ್ಟಿಗೆ ಸರಿ? ನಾನು ಓದಿದ್ದು ಮದ್ರಸ ಮತ್ತು ಬಿಎ. ವೈದ್ಯಳಲ್ಲ. ಆದರೆ ತೂಕ ಮತ್ತು ಭಾಗಾಕಾರ ಗೊತ್ತಿದ್ದರೆ ಈ ವಿಚಾರಣೆ ಯಾರಿಗೂ ಸಾಧ್ಯ. ನಾಳೆ ಅವಳ ಮನೆಗೆ ಬರುವುದಾಗಿ ಹೇಳಿ ಕಳುಹಿಸಿದೆ.

ಕ್ಯಾಲೊರಿ ಎಂದರೇನು?

ಮೊದಲು ಇದನ್ನು ತಿಳಿದುಕೊಳ್ಳೋಣ. ಕ್ಯಾಲೊರಿ ಎನ್ನುವುದು ಅನ್ನದಲ್ಲೋ ಎಣ್ಣೆಯಲ್ಲೋ ಅಡಗಿರುವ ವಸ್ತುವಲ್ಲ. ಅದು ಶಕ್ತಿಯ ಅಳತೆ. ಒಂದು ಕಿಲೋ ನೀರಿನ ಬಿಸಿಯನ್ನು ಒಂದು ಡಿಗ್ರಿ ಸೆಲ್ಸಿಯಸ್ ಏರಿಸಲು ಬೇಕಾಗುವಷ್ಟು ಶಾಖಕ್ಕೆ ನಾವು ಆಹಾರದ ಲೆಕ್ಕದಲ್ಲಿ ಒಂದು ಕ್ಯಾಲೊರಿ ಎನ್ನುತ್ತೇವೆ.

19ನೇ ಶತಮಾನದ ಕೊನೆಯಲ್ಲಿ ಅಮೆರಿಕದ ವಿಲ್ಬರ್ ಅಟ್ವಾಟರ್ ಎಂಬ ರಸಾಯನ ಶಾಸ್ತ್ರಜ್ಞ ಇದಕ್ಕಾಗಿ ವರ್ಷಗಟ್ಟಲೆ ದುಡಿದರು. ಆಹಾರವನ್ನು ಉರಿಸಿ ಶಾಖ ಅಳೆದರು. ಮನುಷ್ಯರನ್ನು ಮುಚ್ಚಿದ ಕೋಣೆಯಲ್ಲಿ ದಿನಗಟ್ಟಲೆ ಇರಿಸಿ ಅವರ ದೇಹದಿಂದ ಹೊರಬರುವ ಶಾಖವನ್ನೂ ಅಳೆದರು. ಕೊನೆಗೆ ಒಂದು ಸರಳ ಲೆಕ್ಕ ಕೊಟ್ಟರು. ಒಂದು ಗ್ರಾಂ ಪಿಷ್ಟ ಅಥವಾ ಸಕ್ಕರೆಗೆ 4 ಕ್ಯಾಲೊರಿ, ಪ್ರೋಟೀನಿಗೆ 4, ಕೊಬ್ಬಿಗೆ 9. ಇಂದಿಗೂ ಬಿಸ್ಕತ್ತಿನ ಪೊಟ್ಟಣದಿಂದ ಹಿಡಿದು ಮೊಬೈಲಿನ ಆ್ಯಪ್‌ವರೆಗೆ ಹೆಚ್ಚಿನ ಲೆಕ್ಕಗಳು ನಿಂತಿರುವುದು ಈ 4, 9, 4ರ ಮೇಲೆಯೇ.

1918ರಲ್ಲಿ ಲುಲು ಹಂಟ್ ಪೀಟರ್ಸ್ ಎಂಬ ಅಮೆರಿಕದ ವೈದ್ಯೆ ಒಂದು ಪುಸ್ತಕ ಬರೆದು ಗೃಹಿಣಿಯರಿಗೆ ಕ್ಯಾಲೊರಿ ಎಣಿಸುವುದನ್ನು ಕಲಿಸಿದರು. ಅದೇ 1918ರಲ್ಲಿ ನಮ್ಮ ದೇಶದ ಕೂನೂರಿನಲ್ಲಿ ರಾಬರ್ಟ್ ಮೆಕ್‌ಕ್ಯಾರಿಸನ್ ಒಂದೇ ಕೋಣೆಯ ಪ್ರಯೋಗಾಲಯದಲ್ಲಿ ಬೆರಿಬೆರಿ ರೋಗದ ಸಂಶೋಧನೆ ಆರಂಭಿಸಿದರು. ಅದೇ ಬೆಳೆದು 1958ರಲ್ಲಿ ಹೈದರಾಬಾದಿಗೆ ಸ್ಥಳಾಂತರಗೊಂಡು ಇಂದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯಾಯಿತು. ಭಾರತದ ಆಹಾರ ವಸ್ತುಗಳಲ್ಲಿ ಏನೇನಿದೆ ಎಂಬ ಪಟ್ಟಿ ತಯಾರಿಸುವುದು ಇದೇ ಸಂಸ್ಥೆ. 2017ರಲ್ಲಿ ಪ್ರಕಟವಾದ ಪಟ್ಟಿಯಲ್ಲಿ 528 ಆಹಾರ ವಸ್ತುಗಳಿವೆ.

ಪಟ್ಟಿ ಪಟ್ಟಿಗೂ ವ್ಯತ್ಯಾಸ

ಪಟ್ಟಿ ಇದೆಯಲ್ಲ, ಮತ್ತೇಕೆ ಚಿಂತೆ ಎನ್ನುತ್ತೀರಾ? ನಮ್ಮ ಕರಾವಳಿಯ ಅಡುಗೆಗೆ ಬೇಕೇ ಬೇಕಾದ ತೆಂಗಿನಕಾಯಿಯನ್ನೇ ತೆಗೆದುಕೊಳ್ಳಿ. 100 ಗ್ರಾಂ ಹಸಿ ತೆಂಗಿನಕಾಯಿಗೆ ಅಮೆರಿಕದ ಸರಕಾರಿ ಪಟ್ಟಿಯಲ್ಲಿ 354 ಕ್ಯಾಲೊರಿ. ನಮ್ಮ ಪೋಷಣಾ ಸಂಸ್ಥೆಯ ಹಳೆಯ ಪಟ್ಟಿಯಲ್ಲಿ 444. ಎರಡೂ ಸುಳ್ಳಲ್ಲ. ಎಳೆಯ ಕಾಯಿಯಲ್ಲಿ ನೀರು ಹೆಚ್ಚು, ಬಲಿತ ಕಾಯಿಯಲ್ಲಿ ಎಣ್ಣೆ ಹೆಚ್ಚು. ನಿಮ್ಮ ಆ್ಯಪ್ ಯಾವ ಪಟ್ಟಿ ಹಿಡಿದಿದೆಯೋ ಅದರ ಪ್ರಕಾರ ನಿಮ್ಮ ಮೀನು ಸಾರಿನ ಲೆಕ್ಕ ಬದಲಾಗುತ್ತದೆ. ನೀವು ತುರಿದ ಕಾಯಿ ಎಳೆಯದೋ ಬಲಿತದ್ದೋ ಎಂದು ಅದಕ್ಕೇನು ಗೊತ್ತು?

ಇನ್ನೊಂದು ವಿಷಯ. ಅಮೆರಿಕದಲ್ಲಿ 2005ರಲ್ಲಿ ಆರಂಭವಾದ ಮೈಫಿಟ್‌ನೆಸ್‌ಪಾಲ್‌ನಂಥ ಆ್ಯಪ್‌ಗಳಲ್ಲಿ ಆಹಾರದ ಹೆಸರು ಮತ್ತು ಲೆಕ್ಕವನ್ನು ಬಳಸುವವರೇ ಸೇರಿಸಬಹುದು. 2012ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಹೆಲ್ತಿಫೈಮಿ ನಮ್ಮ ದೇಶದ ತಿಂಡಿ ಊಟಗಳನ್ನು ಸೇರಿಸಿಕೊಂಡಿತು. ಇದರಿಂದ ಇಡ್ಲಿ, ದೋಸೆ, ಬಿರಿಯಾನಿ ಎಂದು ಹುಡುಕಿದರೆ ಸಿಗುವಂತಾಯಿತು. ಒಳ್ಳೆಯದೇ. ಆದರೆ ಬಿರಿಯಾನಿ ಎಂಬ ಹೆಸರು ಒಂದಾದರೂ ಭಟ್ಕಳದ ಬಿರಿಯಾನಿ ಬೇರೆ, ಮಂಗಳೂರಿನದ್ದು ಬೇರೆ. ಅದಿರಲಿ, ನಿಮ್ಮ ತಾಯಿ ಮಾಡಿದ ಬಿರಿಯಾನಿಗೂ ನಿಮ್ಮ ಅತ್ತೆ ಮಾಡಿದ ಬಿರಿಯಾನಿಗೂ ತುಪ್ಪದ ಅಳತೆ ಒಂದೇ ಇರುತ್ತದೆಯೇ?

ಅಡುಗೆಮನೆಯಲ್ಲಿ ವಿಚಾರಣೆ

ಮರುದಿನ ಶಾಲೆ ಮುಗಿಸಿ ಅವಳ ಮನೆಗೆ ಹೋದೆ. ಜೊತೆಗೆ ನನ್ನ ಮನೆಯ ಸಣ್ಣ ಡಿಜಿಟಲ್ ತಕ್ಕಡಿಯನ್ನೂ ಒಯ್ದಿದ್ದೆ. ಅತ್ತೆಗೂ ಕುತೂಹಲ. "ಏನು ಟೀಚರ್, ಅಂಗಡಿ ಇಡುತ್ತೀರಾ?" ಎಂದು ನಕ್ಕರು. ಆಮೇಲೆ ಅವರೇ ಪಾತ್ರೆಗಳನ್ನು ಒಂದೊಂದಾಗಿ ತಂದುಕೊಟ್ಟರು. ಆ್ಯಪಿನಲ್ಲಿ ಅವಳು ಬರೆದ ಒಂದು ದಿನದ ಊಟವನ್ನು ಎದುರಿಗಿಟ್ಟುಕೊಂಡು ಒಂದೊಂದನ್ನೇ ಪರೀಕ್ಷಿಸಿದೆವು.

ಮೊದಲು ಪತ್ತಿರ್. ಅವಳು ರಾತ್ರಿ ಎರಡು ಪತ್ತಿರ್ ತಿಂದು ಹಾಗೆಯೇ ಬರೆದಿದ್ದಳು. ಆ್ಯಪ್ ಒಂದಕ್ಕೆ 150 ಎಂದು ಹಿಡಿದಿತ್ತು. ಅವರ ಮನೆಯಲ್ಲಿ ಅರ್ಧ ಕಿಲೋ ಅಕ್ಕಿ ಹಿಟ್ಟಿಗೆ 20 ಪತ್ತಿರ್ ಆಗುತ್ತದೆ. ಅಂದರೆ ಒಂದಕ್ಕೆ 25 ಗ್ರಾಂ ಹಿಟ್ಟು. 100 ಗ್ರಾಂ ಅಕ್ಕಿ ಹಿಟ್ಟಿಗೆ ಸುಮಾರು 360 ಕ್ಯಾಲೊರಿ. ಹಾಗಾದರೆ ಒಂದು ಪತ್ತಿರ್‌ಗೆ ಸುಮಾರು 90. ಎರಡು ಪತ್ತಿರ್‌ನಲ್ಲಿ ಆ್ಯಪ್ 120 ಕ್ಯಾಲೊರಿಯನ್ನು ಅನ್ಯಾಯವಾಗಿ ಅವಳ ಲೆಕ್ಕಕ್ಕೆ ಹಾಕಿತ್ತು! ಯಾರದೋ ಮನೆಯ ದಪ್ಪ ಪತ್ತಿರ್‌ನ ಲೆಕ್ಕ ಅದಾಗಿರಬೇಕು.

ನಂತರ ಅನ್ನ. 'ಅನ್ನ, ಒಂದು ಕಪ್' ಎಂದು ಬರೆದಿದ್ದಳು. ಆ್ಯಪಿನ ಕಪ್ ಅಮೆರಿಕದ ಅಳತೆಯ ಕಪ್. ಅದರಲ್ಲಿ ಸುಮಾರು 160 ಗ್ರಾಂ ಅನ್ನ ಹಿಡಿಯುತ್ತದೆ, 200 ಕ್ಯಾಲೊರಿ. ಅವಳು ಉಣ್ಣುವ ಬಟ್ಟಲನ್ನು ತೂಗಿದರೆ 230 ಗ್ರಾಂ. ಅಂದರೆ 300 ಕ್ಯಾಲೊರಿ. ಇಲ್ಲಿ 100 ಕಡಿಮೆಯಾಗಿತ್ತು. ಅನ್ನದ ವಿಷಯದಲ್ಲಿ ಇನ್ನೂ ದೊಡ್ಡ ತಪ್ಪು ಆಗುವುದುಂಟು. 100 ಗ್ರಾಂ ಅಕ್ಕಿಗೆ ಸುಮಾರು 350 ಕ್ಯಾಲೊರಿ. 100 ಗ್ರಾಂ ಅನ್ನಕ್ಕೆ ಸುಮಾರು 130 ಮಾತ್ರ, ಏಕೆಂದರೆ ಉಳಿದ ತೂಕ ನೀರಿನದು. ಅನ್ನವನ್ನು ತೂಗಿ 'ಅಕ್ಕಿ' ಎಂದು ಆರಿಸಿದರೆ ಲೆಕ್ಕ ಎರಡೂವರೆ ಪಟ್ಟು ಏರುತ್ತದೆ. ಕುಚ್ಚಲಕ್ಕಿ ಗಂಜಿಯಂತೂ ಕೇಳಲೇಬೇಡಿ. ಬಟ್ಟಲಿನಲ್ಲಿ ಅಗುಳೆಷ್ಟು, ತಿಳಿಯೆಷ್ಟು ಎಂದು ಯಾವ ಆ್ಯಪ್ ಹೇಳೀತು?

ಮೂರನೆಯದು ಚಹಾ. ಇದನ್ನು ನೋಡಿ ಅತ್ತೆಯೇ ತಲೆಗೆ ಕೈ ಹೊತ್ತರು. ದಿನಕ್ಕೆ ಮೂರು ಚಹಾ ಕುಡಿದು ಮೂರನ್ನೂ ಪ್ರಾಮಾಣಿಕವಾಗಿ ಬರೆದಿದ್ದಳು. ಆ್ಯಪ್ ಒಂದಕ್ಕೆ 2 ಕ್ಯಾಲೊರಿ ಹಾಕಿತ್ತು! ಅದು ಹಾಲೂ ಸಕ್ಕರೆಯೂ ಇಲ್ಲದ ಬರೀ ಚಹಾ ನೀರಿನ ಲೆಕ್ಕ. ನಮ್ಮ ಮನೆಗಳಲ್ಲಿ ಒಂದು ಲೋಟ ಚಹಾಕ್ಕೆ ಎರಡು ಚಮಚ ಸಕ್ಕರೆ, ಅಂದರೆ 10 ಗ್ರಾಂ, 40 ಕ್ಯಾಲೊರಿ. ಹಾಲಿನಿಂದ ಇನ್ನೊಂದು 30. ಒಂದು ಲೋಟಕ್ಕೆ 70. ಮೂರು ಲೋಟಕ್ಕೆ 210. ಆ್ಯಪಿನಲ್ಲಿ ಇದ್ದದ್ದು 6.

ನಾಲ್ಕನೆಯದು ಎಣ್ಣೆ. ಬಂಗುಡೆ ಫ್ರೈ ತಿಂದು ಪಟ್ಟಿಯಲ್ಲಿ ಮೊದಲು ಸಿಕ್ಕಿದ 'ಮೀನು' ಎಂಬುದನ್ನು ಆರಿಸಿದ್ದಳು. ಅದು ಬರೀ ಬೇಯಿಸಿದ ಮೀನು. ಒಂದು ದೊಡ್ಡ ಚಮಚ ಎಣ್ಣೆಗೇ 120 ಕ್ಯಾಲೊರಿ. ಕಾವಲಿಗೆ ಎಷ್ಟು ಸುರಿದೆವು, ಮೀನು ಎಷ್ಟು ಹೀರಿತು ಎಂದು ಅಳೆಯುವುದು ಕಷ್ಟ. ಆದರೆ ನಾನು ಒಂದು ಉಪಾಯ ಹೇಳುತ್ತೇನೆ, ನೀವೂ ಮಾಡಿ ನೋಡಿ. ತಿಂಗಳಿಗೆ ಮನೆಗೆ ತರುವ ಎಣ್ಣೆಯನ್ನು ಲೆಕ್ಕ ಹಾಕಿ. ಅವರ ಮನೆಯಲ್ಲಿ ಆರು ಮಂದಿಗೆ ಐದು ಲೀಟರ್. ಐದು ಲೀಟರ್ ಎಣ್ಣೆಯ ತೂಕ ಸುಮಾರು 4,575 ಗ್ರಾಂ. ಅದನ್ನು 30 ದಿನಕ್ಕೂ ಆರು ಮಂದಿಗೂ ಹಂಚಿದರೆ ಒಬ್ಬರಿಗೆ ದಿನಕ್ಕೆ 25 ಗ್ರಾಂ, ಸುಮಾರು 230 ಕ್ಯಾಲೊರಿ. ಅವಳ ಆ್ಯಪಿನಲ್ಲಿ ಎಣ್ಣೆಯ ಪಾಲು ಹೆಚ್ಚೆಂದರೆ 80 ಇತ್ತು. ಇಲ್ಲಿ 150ರಷ್ಟು ಬಿಟ್ಟುಹೋಗಿತ್ತು.

ಐದನೆಯದು ಮಕ್ಕಳ ತಟ್ಟೆ. ದೊಡ್ಡ ಮಗು ಬಿಟ್ಟ ಅರ್ಧ ಪತ್ತಿರ್, ಒಂದು ತುಂಡು ಬಿಸ್ಕತ್ತು, ಎರಡು ತುತ್ತು ಅನ್ನ. ಅನ್ನ ಚೆಲ್ಲಬಾರದೆಂದು ಬಾಯಿಗೆ ಹಾಕಿಕೊಳ್ಳುತ್ತೇವಲ್ಲ, ಅದು. ಉಪ್ಪು ಹುಳಿ ನೋಡಲು ಸೌಟಿನಿಂದ ಅಂಗೈಗೆ ಹಾಕಿಕೊಂಡದ್ದು. ಇವನ್ನು ಯಾವ ತಾಯಿಯೂ ಊಟ ಎಂದು ಎಣಿಸುವುದಿಲ್ಲ. ಆದರೂ ದಿನಕ್ಕೆ 100 ಕ್ಯಾಲೊರಿ ಆಗಬಹುದು.

ಈಗ ಕೂಡಿಸಿ. ಅನ್ನದಲ್ಲಿ 100, ಚಹಾದಲ್ಲಿ 200, ಎಣ್ಣೆಯಲ್ಲಿ 150, ಮಕ್ಕಳ ತಟ್ಟೆಯಿಂದ 100. ಒಟ್ಟು 550. ಪತ್ತಿರ್‌ನಲ್ಲಿ ಹೆಚ್ಚಾಗಿದ್ದ 120 ಕಳೆಯಿರಿ. ಆ್ಯಪ್ 1200 ಎಂದ ದಿನ ಅವಳು ಉಂಡದ್ದು ವಾಸ್ತವದಲ್ಲಿ 1600ಕ್ಕೂ ಸ್ವಲ್ಪ ಹೆಚ್ಚು. ನಮ್ಮ ಈ ಲೆಕ್ಕವೂ ಅಂದಾಜೇ. ಆದರೆ ಇದರಲ್ಲಿ ಕದ್ದು ತಿಂದದ್ದು ಎಲ್ಲಿದೆ ಹೇಳಿ?

ಕಲಿತವರಿಗೂ ತಪ್ಪುತ್ತದೆ

ಇದು ನಮ್ಮ ನೆರೆಮನೆಯ ಕತೆ ಮಾತ್ರವಲ್ಲ. 1992ರಲ್ಲಿ ಅಮೆರಿಕದ ನ್ಯೂಯಾರ್ಕಿನಲ್ಲಿ ಒಂದು ಅಧ್ಯಯನ ನಡೆಯಿತು. ದಿನಕ್ಕೆ 1200 ಕ್ಯಾಲೊರಿಗಿಂತ ಕಡಿಮೆ ತಿಂದರೂ ತೂಕ ಇಳಿಯುವುದಿಲ್ಲ ಎನ್ನುತ್ತಿದ್ದವರನ್ನು ವೈಜ್ಞಾನಿಕ ವಿಧಾನದಿಂದ ಪರೀಕ್ಷಿಸಿದರು. ಅವರ ದೇಹದಲ್ಲಿ ದೋಷವೇನೂ ಇರಲಿಲ್ಲ. ತಾವು ತಿಂದದ್ದನ್ನು ಅವರು ಸರಾಸರಿ ಶೇ. 47ರಷ್ಟು ಕಡಿಮೆ ಹೇಳಿದ್ದರು, ಮಾಡಿದ ಕೆಲಸವನ್ನು ಶೇ. 51ರಷ್ಟು ಹೆಚ್ಚು ಹೇಳಿದ್ದರು.

"ನೋಡಿ, ಸುಳ್ಳು ಹೇಳಿದ್ದರು" ಎನ್ನಬೇಡಿ. 2002ರಲ್ಲಿ ಅದೇ ದೇಶದಲ್ಲಿ ಇನ್ನೊಂದು ಅಧ್ಯಯನ ಪ್ರಕಟವಾಯಿತು. ಈ ಬಾರಿ ಪರೀಕ್ಷೆಗೆ ಒಳಗಾದವರು 10 ಮಂದಿ ಆಹಾರ ತಜ್ಞೆಯರು ಮತ್ತು 10 ಮಂದಿ ಸಾಮಾನ್ಯ ಮಹಿಳೆಯರು. ಸಾಮಾನ್ಯ ಮಹಿಳೆಯರು ದಿನಕ್ಕೆ ಸರಾಸರಿ 429 ಕ್ಯಾಲೊರಿ ಕಡಿಮೆ ಬರೆದಿದ್ದರು. ತಜ್ಞೆಯರೂ 223 ಕಡಿಮೆ ಬರೆದಿದ್ದರು! ಆಹಾರದ ಲೆಕ್ಕವನ್ನೇ ವೃತ್ತಿಯಾಗಿ ಮಾಡಿಕೊಂಡವರಿಗೇ ಹೀಗಾದರೆ, ಒಂದು ಕೈಯಲ್ಲಿ ಮಗು, ಇನ್ನೊಂದು ಕೈಯಲ್ಲಿ ಸೌಟು ಹಿಡಿದ ನಮ್ಮ ಸಹೋದರಿಯರನ್ನು ದೂರುವುದು ನ್ಯಾಯವೇ?

ಪೊಟ್ಟಣದ ಮೇಲೆ ಅಚ್ಚಾದ ಸಂಖ್ಯೆಯಾದರೂ ನಿಖರ ಎಂದುಕೊಳ್ಳಬೇಡಿ. ಅಮೆರಿಕದ ನಿಯಮದಂತೆ ಬರೆದುದಕ್ಕಿಂತ ಶೇ. 20ರವರೆಗೆ ಹೆಚ್ಚು ಕ್ಯಾಲೊರಿ ಇದ್ದರೂ ಅದು ಅಪರಾಧವಲ್ಲ. 100 ಎಂದು ಬರೆದದ್ದು 120 ಇರಬಹುದು. ಇನ್ನು ನಮ್ಮ ದೇಹ ಎಲ್ಲವನ್ನೂ ಪೂರ್ತಿಯಾಗಿ ಹೀರಿಕೊಳ್ಳುವುದೂ ಇಲ್ಲ. ಅಮೆರಿಕದ ಕೃಷಿ ಇಲಾಖೆಯ ವಿಜ್ಞಾನಿಗಳು 2012ರಲ್ಲಿ ಬಾದಾಮಿಯನ್ನು ಪರೀಕ್ಷಿಸಿದರು. ಅಟ್ವಾಟರ್ ಲೆಕ್ಕದಂತೆ 28 ಗ್ರಾಂ ಬಾದಾಮಿಗೆ 170 ಕ್ಯಾಲೊರಿ. ಆದರೆ ದೇಹಕ್ಕೆ ದಕ್ಕಿದ್ದು 129 ಮಾತ್ರ. ಉಳಿದದ್ದು ಜೀರ್ಣವಾಗದೆ ಹೊರಹೋಗುತ್ತದೆ.

ಈಗ ತಟ್ಟೆಯ ಫೋಟೋ ತೆಗೆದರೆ ಸಾಕು, ಕ್ಯಾಲೊರಿ ಹೇಳುತ್ತೇವೆ ಎನ್ನುವ ಆ್ಯಪ್‌ಗಳೂ ಬಂದಿವೆ. ಫೋಟೋದಲ್ಲಿ ಅನ್ನ ಕಾಣುತ್ತದೆ, ಅನ್ನದೊಳಗೆ ಬೆರೆತ ತುಪ್ಪ ಕಾಣುತ್ತದೆಯೇ? ಸಾರು ಕಾಣುತ್ತದೆ, ಅದಕ್ಕೆ ಹಾಕಿದ್ದು ತೆಂಗಿನ ಹಾಲೋ ಹುಣಿಸೆ ನೀರೋ ಎಂದು ಗೊತ್ತಾಗುತ್ತದೆಯೇ? ಕೋಳಿ ತುಂಡಿನ ಒಳಗೆ ಮೂಳೆ ಎಷ್ಟು ಎಂದು ತಿಳಿಯುತ್ತದೆಯೇ? ನಮ್ಮ ಮದುವೆ ಮನೆಗಳಲ್ಲಿ ದೊಡ್ಡ ತಟ್ಟೆಯ ಸುತ್ತ ನಾಲ್ಕೈದು ಮಂದಿ ಕುಳಿತು ಒಟ್ಟಿಗೆ ಉಣ್ಣುವಾಗ ಯಾರ ಪಾಲು ಎಷ್ಟೆಂದು ಆ ಫೋಟೋ ಹೇಳಲಾರದು.

ಕೈಗೆ ಕಟ್ಟುವ ವಾಚುಗಳ ಕತೆಯೂ ಇಷ್ಟೇ. ನಡೆದಾಗ ಎಷ್ಟು ಕ್ಯಾಲೊರಿ ಖರ್ಚಾಯಿತೆಂದು ಅವು ತೋರಿಸುತ್ತವೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 2017ರಲ್ಲಿ ಇಂಥ ಏಳು ಸಾಧನಗಳನ್ನು ಪರೀಕ್ಷಿಸಿದರು. ಹೃದಯ ಬಡಿತದ ಲೆಕ್ಕದಲ್ಲಿ ಹೆಚ್ಚಿನವು ಪಾಸಾದವು. ಕ್ಯಾಲೊರಿಯ ಲೆಕ್ಕದಲ್ಲಿ ಮಾತ್ರ ಅತ್ಯುತ್ತಮ ಸಾಧನವೇ ಸರಾಸರಿ ಶೇ. 27ರಷ್ಟು ತಪ್ಪಿತ್ತು. ಅತಿ ಕಳಪೆಯದು ಶೇ. 93ರಷ್ಟು. ವಾಚು 300 ಖರ್ಚಾಯಿತು ಎಂದಿತೆಂದು 300ರ ಸಮೋಸ ತಿಂದರೆ ನಷ್ಟ ನಮಗೇ.

ಎಲ್ಲಕ್ಕಿಂತ ದೊಡ್ಡ ತಪ್ಪು

ಸಹೋದರಿಯರೇ, ಇಷ್ಟೆಲ್ಲ ತೂಗಿದ ಮೇಲೆ ನನಗೆ ಹೆಚ್ಚು ಭಯವಾದದ್ದು ಈ ತಪ್ಪುಗಳನ್ನು ಕಂಡು ಅಲ್ಲ. ಆ 1200 ಎಂಬ ಗೆರೆಯನ್ನು ಕಂಡು.

ಆ್ಯಪ್ ಅವಳ ವಯಸ್ಸು ಕೇಳಿತ್ತು, ಎತ್ತರ ಕೇಳಿತ್ತು, ತೂಕ ಕೇಳಿತ್ತು. "ನೀನು ಮಗುವಿಗೆ ಹಾಲುಣಿಸುತ್ತಿದ್ದೀಯಾ?" ಎಂದು ಕೇಳಿರಲಿಲ್ಲ. ರಾಷ್ಟ್ರೀಯ ಪೋಷಣಾ ಸಂಸ್ಥೆಯ 2020ರ ಲೆಕ್ಕದಂತೆ, ಹೆಚ್ಚು ಶ್ರಮದ ಕೆಲಸವಿಲ್ಲದ 55 ಕಿಲೋ ತೂಕದ ಮಹಿಳೆಗೆ ದಿನಕ್ಕೆ 1660 ಕ್ಯಾಲೊರಿ ಬೇಕು. ಹಾಲುಣಿಸುವ ತಾಯಿಗೆ ಮೊದಲ ಆರು ತಿಂಗಳು ಅದರ ಮೇಲೆ 600, ಆಮೇಲಿನ ಆರು ತಿಂಗಳು 520 ಹೆಚ್ಚು ಬೇಕು. ಅವಳ ಮಗುವಿಗೆ ಎಂಟು ತಿಂಗಳು. ಅಂದರೆ ಅವಳಿಗೆ ಬೇಕಾದದ್ದು ಸುಮಾರು 2180. ಮೊಬೈಲು ಅವಳಿಗೆ ವಿಧಿಸಿದ್ದು 1200!

ಅವಳು ಆ 1200ಕ್ಕೇ ನಿಜವಾಗಿ ನಿಂತಿದ್ದರೆ ಏನಾಗುತ್ತಿತ್ತು? ಸುಸ್ತು, ತಲೆಸುತ್ತು ಇನ್ನೂ ಹೆಚ್ಚುತ್ತಿತ್ತು. ಅವಳ ಚಹಾದ ಸಕ್ಕರೆಯೂ ಮಗು ಬಿಟ್ಟ ಅರ್ಧ ಪತ್ತಿರ್ ಕೂಡಾ ಒಂದರ್ಥದಲ್ಲಿ ಅವಳನ್ನು ಕಾಪಾಡಿದವು. ತಿಂಗಳಿಗೆ ಒಂದೂವರೆ ಕಿಲೋ ಇಳಿದದ್ದು ಸೋಲಲ್ಲ. ಹಾಲುಣಿಸುವ ತಾಯಿಯ ತೂಕ ನಿಧಾನವಾಗಿ ಇಳಿಯುವುದೇ ಒಳ್ಳೆಯದು.

ಇದನ್ನು ಅವಳ ಅತ್ತೆಯ ಎದುರೇ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಒಳಗೆ ಹೋಗಿ ಒಂದು ತಟ್ಟೆಯಲ್ಲಿ ಎರಡು ನೀರುದೋಸೆ, ಮೊಟ್ಟೆ ಸಾರು ತಂದು ಸೊಸೆಯ ಮುಂದಿಟ್ಟರು. "ಮೊದಲು ತಿನ್ನು. ಅವನು ಬರಲಿ, ನಾನು ಮಾತಾಡುತ್ತೇನೆ" ಎಂದರು.

ಹಾಗಾದರೆ ಆ್ಯಪ್ ಬೇಡವೇ?

ನಾನು ಹಾಗೆ ಹೇಳುವುದಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ನಮ್ಮ ದೇಶದ ಮಹಿಳೆಯರಲ್ಲಿ ಶೇ. 24 ಮಂದಿಗೆ ಅಧಿಕ ತೂಕ ಅಥವಾ ಬೊಜ್ಜು ಇದೆ. ಸಕ್ಕರೆ ಕಾಯಿಲೆ, ರಕ್ತದೊತ್ತಡ ಮನೆಮನೆಯಲ್ಲೂ ಇದೆ. ತಿನ್ನುವುದರ ಮೇಲೆ ಗಮನವಿಡುವುದು ತಪ್ಪಲ್ಲ, ಅದು ಅಗತ್ಯ. ಚಹಾದಲ್ಲಿ ದಿನಕ್ಕೆ 200 ಕ್ಯಾಲೊರಿ ಇದೆ ಎಂದು ನಮಗೆ ತಿಳಿದದ್ದು ಈ ಬರೆಯುವ ಅಭ್ಯಾಸದಿಂದಲೇ ತಾನೇ? ಆದ್ದರಿಂದ ಬಳಸುವುದಿದ್ದರೆ ಹೀಗೆ ಬಳಸಿ.

ಮೊದಲನೆಯದಾಗಿ, ನಿಮ್ಮ ಮನೆಯ ಹತ್ತು ಹದಿನೈದು ಅಡುಗೆಗಳನ್ನು ನೀವೇ ಒಮ್ಮೆ ಲೆಕ್ಕ ಹಾಕಿ. ಹಾಕಿದ ಅಕ್ಕಿ, ಕಾಯಿ, ಎಣ್ಣೆ, ಮಾಂಸ ಎಲ್ಲವನ್ನೂ ಹಸಿಯಾಗಿರುವಾಗಲೇ ತೂಗಿ ಕೂಡಿಸಿ, ಆದ ದೋಸೆಗಳ ಅಥವಾ ಸೌಟುಗಳ ಸಂಖ್ಯೆಯಿಂದ ಭಾಗಿಸಿ. ಹೆಚ್ಚಿನ ಆ್ಯಪ್‌ಗಳಲ್ಲಿ ಸ್ವಂತ ಅಡುಗೆಯನ್ನು ಸೇರಿಸಲು ಅವಕಾಶವಿದೆ. ಬೇರೆಯವರ ಪತ್ತಿರ್ ನಿಮಗೇಕೆ?

ಎರಡನೆಯದಾಗಿ, ಕಪ್ಪು, ಬಟ್ಟಲು, ಪ್ಲೇಟು ಎಂಬ ಅಳತೆ ಬಿಟ್ಟು ಗ್ರಾಂ ಹಿಡಿಯಿರಿ. ಉಣ್ಣುವ ಒಂದೇ ಬಟ್ಟಲನ್ನು ಒಮ್ಮೆ ತೂಗಿಟ್ಟುಕೊಂಡರೆ ದಿನಾ ತೂಗಬೇಕಾಗಿಲ್ಲ. ಎಣ್ಣೆಯನ್ನು ತಿಂಗಳ ಲೆಕ್ಕದಲ್ಲಿ ಹಂಚಿ ನೋಡಿ. ಅದರಿಂದ ನಿಮಗೆ ಮಾತ್ರವಲ್ಲ, ಮನೆಯವರೆಲ್ಲರಿಗೂ ಪ್ರಯೋಜನ.

ಮೂರನೆಯದಾಗಿ, ದಿನದ ಸಂಖ್ಯೆಗೆ ಬೆಲೆ ಕೊಡಬೇಡಿ, ವಾರದ್ದನ್ನು ನೋಡಿ. ಆ್ಯಪ್ 1500 ಎಂದರೆ ಅದು 1300ರಿಂದ 1800ರ ನಡುವೆ ಎಲ್ಲೋ ಇದೆ ಎಂದಷ್ಟೇ ತಿಳಿಯಿರಿ. ಆದರೆ ಒಂದೇ ರೀತಿ ಬರೆಯುತ್ತಾ ಬಂದರೆ ಕಳೆದ ವಾರಕ್ಕಿಂತ ಈ ವಾರ ಹೆಚ್ಚೋ ಕಡಿಮೆಯೋ ಎಂದು ಅದು ಸರಿಯಾಗಿಯೇ ಹೇಳುತ್ತದೆ. ತೂಕವೂ ಹಾಗೆಯೇ. ಉಪ್ಪು, ನೀರು, ಮುಟ್ಟಿನ ದಿನಗಳಿಂದಾಗಿ ಒಂದೆರಡು ಕಿಲೋ ಏರಿಳಿಯುವುದು ಸಹಜ.

ನಾಲ್ಕನೆಯದಾಗಿ, ಗರ್ಭಿಣಿಯರು, ಹಾಲುಣಿಸುವ ತಾಯಂದಿರು, ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಮೊಬೈಲು ಹಾಕಿದ ಗೆರೆಯನ್ನು ಒಪ್ಪಿಕೊಳ್ಳಬಾರದು. ವೈದ್ಯರನ್ನು ಕೇಳಿಯೇ ಮುಂದುವರಿಯಬೇಕು. ಇನ್ಸುಲಿನ್ ತೆಗೆದುಕೊಂಡು ಊಟ ಕಡಿಮೆ ಮಾಡಿದರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು.

ಐದನೆಯದಾಗಿ, ಬೆಳೆಯುವ ಹೆಣ್ಣುಮಕ್ಕಳ ಕೈಗೆ ಈ ಲೆಕ್ಕವನ್ನು ಕೊಡಬೇಡಿ. ಊಟದ ಬಗ್ಗೆ ಭಯ ಹುಟ್ಟಿಕೊಳ್ಳುವ, ತಿನ್ನುವುದನ್ನೇ ಬಿಡುವ ಮಾನಸಿಕ ಕಾಯಿಲೆಗಳಿವೆ. ಅಮೆರಿಕದಲ್ಲಿ 2017ರಲ್ಲಿ ಇಂಥ 105 ಮಂದಿಯನ್ನು ವಿಚಾರಿಸಿದಾಗ ಅವರಲ್ಲಿ ಸುಮಾರು ಮುಕ್ಕಾಲು ಪಾಲು ಜನ ಕ್ಯಾಲೊರಿ ಎಣಿಸುವ ಆ್ಯಪ್ ಬಳಸಿದ್ದರು. ಬಳಸಿದವರಲ್ಲಿ ಸುಮಾರು ಮುಕ್ಕಾಲು ಮಂದಿ ಅದು ತಮ್ಮ ಕಾಯಿಲೆಗೆ ಕಾರಣವಾಗಿದೆ ಎಂದರು. ಮಗಳು ಊಟದ ಹೊತ್ತಿಗೆ ಮೊಬೈಲ್ ನೋಡಿ ತಟ್ಟೆ ಸರಿಸುತ್ತಿದ್ದರೆ ಎಚ್ಚರವಾಗಿರಿ. ಬೈಯಬೇಡಿ. ಹತ್ತಿರ ಕುಳಿತು ಮಾತಾಡಿಸಿ. ಅಗತ್ಯ ಕಂಡರೆ ವೈದ್ಯರಲ್ಲಿಗೆ ಕರೆದುಕೊಂಡು ಹೋಗಿ.

ಕೊನೆಯ ಮಾತು ಈ ಪುಟವನ್ನು ಓದುವ ಗಂಡಂದಿರಿಗೂ ಅತ್ತೆಯರಿಗೂ. ಮನೆಯ ಹೆಣ್ಣುಮಗಳು ಏನು ತಿಂದಳೆಂದು ಮೊಬೈಲಿನಲ್ಲಿ ಹುಡುಕಬೇಡಿ. ಅವಳ ಆರೋಗ್ಯದ ಬಗ್ಗೆ ನಿಜವಾದ ಕಾಳಜಿ ಇದ್ದರೆ ಎಣ್ಣೆ ಮಿತವಾಗಿ ಹಾಕಲು ಮನೆಯವರೆಲ್ಲರೂ ಒಪ್ಪಬೇಕು. ಸಂಜೆ ಅರ್ಧ ಗಂಟೆ ಮಕ್ಕಳನ್ನು ನೋಡಿಕೊಂಡು ಅವಳಿಗೆ ನಡೆದಾಡಲು ಬಿಡಬೇಕು. ಎಲ್ಲರೂ ಒಟ್ಟಿಗೆ ಕುಳಿತು ಉಣ್ಣಬೇಕು.

ನೆರೆಮನೆಯ ಸೊಸೆ ಆ್ಯಪನ್ನು ತೆಗೆದುಹಾಕಿಲ್ಲ. ಆ 1200ರ ಗೆರೆಯನ್ನು ಮಾತ್ರ ಅಳಿಸಿದ್ದಾಳೆ. ವೈದ್ಯರನ್ನು ಕಂಡು ರಕ್ತ ಪರೀಕ್ಷೆ ಮಾಡಿಸಿಕೊಂಡಿದ್ದಾಳೆ. ಬೆಳಗಿನ ತಿಂಡಿ ಮತ್ತೆ ಶುರುವಾಗಿದೆ, ಚಹಾಕ್ಕೆ ಒಂದೇ ಚಮಚ ಸಕ್ಕರೆ. ಮೊನ್ನೆ ಅವಳ ಗಂಡ ದಾರಿಯಲ್ಲಿ ಸಿಕ್ಕಿ, "ಟೀಚರ್, ಆ ತಕ್ಕಡಿ ಎಲ್ಲಿ ಸಿಗುತ್ತದೆ?" ಎಂದು ಕೇಳಿದ. ಯಾಕೆ ಎಂದೆ. "ನನ್ನ ಊಟವನ್ನೂ ಒಮ್ಮೆ ತೂಗಬೇಕಂತೆ. ಅವಳು ಹೇಳಿದ್ದಾಳೆ" ಎಂದು ತಲೆ ಕೆರೆದುಕೊಂಡ.

ಅಂಗಡಿಯ ವಿಳಾಸ ಹೇಳಿ ಕಳುಹಿಸಿದೆ.